ಹಸಿರು ಟ್ಯಾಗ್

ಜೂನ್ ೧೧, ಮಂಗಳವಾರ

ಆಸ್ಪತ್ರೆಯಿಂದ ಫೋನ್ ಬಂದಿತ್ತು. ಹೆಂಡತಿ ನಾಗವ್ವ ತೀರಿಕೊಂಡು ಮೂರು ತಿಂಗಳಾದ ಮೇಲೆ ಅವರಿಗೆ ನನ್ನ ನೆನಪಾಗಿದೆ. ಮಾತನಾಡಿದವಳು ವಂದನಾ ಎಂಬ ಹುಡುಗಿ, ಡಾಕ್ಟರಂತೆ. ಕ್ಯಾಜುವಲ್ಟಿಗೆ ಬಂದ ರೋಗಿಗಳನ್ನು ಇನ್ನೂ ಚೆನ್ನಾಗಿ ನೋಡಿಕೊಳ್ಳುವುದು ಹೇಗೆ ಎಂದು ಸಂಶೋಧನೆ ನಡೆಸಿದ್ದಾರಂತೆ. ಅಲ್ಲಿ ತಮ್ಮವರನ್ನು ಕಳೆದುಕೊಂಡವರ ಅನುಭವ ಕೇಳಬೇಕಂತೆ. ಮರಾಠಿಯಲ್ಲಿ ಬಹಳ ಮೆತ್ತಗೆ ಮಾತನಾಡಿದಳು. ಅನುಭವ ಎಂದು ಅವಳು ಹೇಳಿದ ರೀತಿ ಕೇಳಿದರೆ ನಾನು ಕಾಶಿಗೆ ಹೋಗಿ ಬಂದವನು ಎನ್ನಬೇಕು.

ಆಗುವುದಿಲ್ಲ ಎನ್ನುವವನಿದ್ದೆ. ಬರುತ್ತೇನೆ ಎಂದೆ. ಅವಳ ಸಂಶೋಧನೆಗಾಗಿ ಅಲ್ಲ. ನಾಗವ್ವನ ಲಿಂಗ ಇನ್ನೂ ಅಲ್ಲೇ ಎಲ್ಲೋ ಬಿದ್ದಿದೆ.

ಜೂನ್ ೧೬, ರವಿವಾರ

ಹೋಗಿ ಬಂದೆ. ಕ್ಯಾಜುವಲ್ಟಿಯ ಹಿಂದೆ ಒಂದು ಸಣ್ಣ ಕೋಣೆ. ಅಳುವ ಮುಖದಿಂದ ನಗುವ ಮುಖದವರೆಗೆ ಸಾಲಾಗಿ ಚಿತ್ರ ಬರೆದ ಒಂದು ಹಾಳೆ ಮುಂದಿಟ್ಟು, ಅವತ್ತು ನಿಮಗೆ ಸಿಕ್ಕ ಸೇವೆಗೆ ಯಾವ ಮುಖ ಎಂದು ತೋರಿಸಿ ಕಾಕಾ ಎಂದಳು. ನಾನು ಯಾವುದನ್ನೂ ಮುಟ್ಟಲಿಲ್ಲ. ಅವಳು ಹಾಳೆಯನ್ನು ಮಗುಚಿ ಇಟ್ಟಳು. ಅಷ್ಟರಮಟ್ಟಿಗೆ ತಿಳಿವಳಿಕೆ ಇದೆ.

ರೋಗಿಯ ಹತ್ತಿರ ಮನೆಯವರು ಯಾರಿದ್ದರು ಎಂದು ಕೇಳಿದಳು. ಯಾರೂ ಇರಲಿಲ್ಲ ಎಂದೆ. ಬೆಳಿಗ್ಗೆ ಎದೆ ಹಿಡಿದುಕೊಂಡಿತು ಎಂದು ನಾಗವ್ವ ಹೇಳಿದಳು, ಟ್ಯಾಕ್ಸಿಯಲ್ಲಿ ಕರೆತಂದೆ, ಸ್ಟ್ರೆಚರ್ ಮೇಲೆ ಮಲಗಿಸಿದರು, ಕೇಸ್ ಪೇಪರ್ ಮಾಡಿಸಿಕೊಂಡು ಬಾ ಎಂದು ನನ್ನನ್ನು ಕೌಂಟರಿಗೆ ಕಳಿಸಿದರು. ಅಲ್ಲಿ ಸರದಿ. ಅದನ್ನು ತಂದುಕೊಟ್ಟರೆ ಇಂಜೆಕ್ಷನ್ ಹೊರಗಿನಿಂದ ತಾ ಎಂದರು. ಮೆಡಿಕಲ್ಲಿನಲ್ಲೂ ಸರದಿ. ತಂದಾಗ ಪರದೆ ಎಳೆದಿತ್ತು. ಮೀಸೆ ಬಾರದ ಒಬ್ಬ ಡಾಕ್ಟರ್ ಹೊರಗೆ ಬಂದು ಬಹಳ ಪ್ರಯತ್ನ ಮಾಡಿದೆವು ಎಂದ. ಇಂಜೆಕ್ಷನ್ ನನ್ನ ಕೈಯಲ್ಲೇ ಇತ್ತು.

ತಾಳಿ, ಬೆಂಡೋಲೆ, ಮೂಗುತಿ ಎಲ್ಲವನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಸಹಿ ಮಾಡಿಸಿಕೊಂಡು ಕೊಟ್ಟರು. ಎದೆಯ ಮೇಲಿನ ಲಿಂಗ ಆ ಚೀಲದಲ್ಲಿ ಇರಲಿಲ್ಲ. ಬಂಗಾರ ಅವರಿಗೆ ಗೊತ್ತು. ಬಟ್ಟೆಯಲ್ಲಿ ಸುತ್ತಿ ದಾರ ಕಟ್ಟಿದ ಗಂಟನ್ನು ಕಸ ಅಂದುಕೊಂಡಿರಬೇಕು. ಇಸಿಜಿ ಮಾಡಲು ಎದೆ ಬರಿದು ಬೇಕಲ್ಲ.

ವಂದನಾಳಿಗೆ ತಿಳಿಯಲಿಲ್ಲ. ನನ್ನ ಅಂಗಿಯ ಮೇಲಿನ ಗುಂಡಿ ಬಿಚ್ಚಿ ನನ್ನದನ್ನು ತೋರಿಸಿದೆ. ಹುಟ್ಟಿದಾಗ ಕಟ್ಟುತ್ತಾರೆ, ಮಣ್ಣಿಗೆ ಹೋಗುವಾಗಲೂ ಅಂಗೈಯಲ್ಲಿ ಅದೇ ಇರಬೇಕು ಎಂದೆ. ಕೇಳಿ ನೋಡುತ್ತೇನೆ ಎಂದಳು. ಎಲ್ಲರೂ ಅದನ್ನೇ ಹೇಳುತ್ತಾರೆ.

ಜೂನ್ ೨೩, ರವಿವಾರ

ದೇವಕ್ಕ ಬಂದಿದ್ದಳು. ನಾಗವ್ವನ ತಂಗಿ, ಇಲ್ಲೇ ಮುಂಬಯಿಯ ಗ್ರಾಂಟ್ ರೋಡಿನಲ್ಲಿರುತ್ತಾಳೆ. ಬಂದವಳು ಚಹಾ ಮುಟ್ಟದೆ ಕೂತಳು. ಮಣ್ಣು ಕೊಟ್ಟ ದಿನ ಅಯ್ಯನೋರು ಅಂಗಡಿಯ ಹೊಸ ಲಿಂಗವನ್ನು ಅಕ್ಕನ ಎಡಗೈಯಲ್ಲಿ ಇಟ್ಟದ್ದು ಅವಳ ಕಣ್ಣಿನಿಂದ ಹೋಗುತ್ತಿಲ್ಲವಂತೆ.

“ಬಂಗಾರ ನೆಟ್ಟಗ ನೋಡಿ ತಗೊಂಡ್ರಿ ಮಾಮಾ. ನಮ್ಮಕ್ಕನ ಲಿಂಗ ಒಂದs ನಿಮ್ಮ ಕಣ್ಣಿಗಿ ಬೀಳಲಿಲ್ಲೇನು?”

ವರ್ಷ ತುಂಬುವುದರೊಳಗೆ ಸಿಕ್ಕರೆ ನಾಗವ್ವನ ಗದ್ದುಗೆಯ ಮಣ್ಣಿನಲ್ಲಿ ಇಡಬಹುದು ಎಂದು ಅಯ್ಯನೋರು ಅವಳಿಗೆ ಹೇಳಿದ್ದಾರೆ. ಮಾರ್ಚ್‌ವರೆಗೆ ಸಮಯ ಇದೆ. ಹೋಗುವಾಗ ಬಾಗಿಲಲ್ಲಿ ನಿಂತು, ಅಕ್ಕ ಅಲ್ಲಿ ಬ್ಯಾರೆಯವರ ದೇವರನ್ನ ಹಿಡಕೊಂಡು ಕುಂತಾಳ ಎಂದಳು.

ಜುಲೈ ೭, ರವಿವಾರ

ಸಭೆ. ನನ್ನಂಥವರು ಏಳೆಂಟು ಜನ, ದೊಡ್ಡ ಪ್ರೊಫೆಸರು, ಚಹಾ, ಬಿಸ್ಕೀಟು. ಎಲ್ಲರೂ ತಮ್ಮ ತಮ್ಮ ಸಾವನ್ನು ಹೇಳಿಕೊಂಡರು. ಒಬ್ಬಳು ಹೇಳುತ್ತ ಹೇಳುತ್ತ ಬಿಸ್ಕೀಟು ತಿಂದಳು. ಅವಳ ಮೇಲೆ ಸಿಟ್ಟು ಬಂತು, ಆಮೇಲೆ ಅವಳು ಮನೆಯಲ್ಲಿ ಏನೂ ತಿನ್ನದೆ ಬಂದಿರಬೇಕು ಅನ್ನಿಸಿತು.

ನನ್ನ ಸರದಿ ಬಂದಾಗ ಹೆಚ್ಚು ಹೇಳಲಿಲ್ಲ. ಸಾಲಿನಲ್ಲಿ ನಿಲ್ಲಲು ಬೇರೆ ಒಬ್ಬ ಇದ್ದಿದ್ದರೆ ನಾನು ಒಳಗೆ ಇರುತ್ತಿದ್ದೆ ಎಂದೆ. ಪ್ರೊಫೆಸರು ತಲೆ ಅಲ್ಲಾಡಿಸಿ ಬಹಳ ಬೆಲೆಯುಳ್ಳ ಮಾತು ಎಂದರು. ಬೆಲೆ ಅವರಿಗೆ ಈಗ ಗೊತ್ತಾಯಿತು.

ಲಿಂಗದ ಬಗ್ಗೆ ವಂದನಾ ವಿಚಾರಿಸಿದ್ದಾಳೆ. ಇಲ್ಲ.

ಜುಲೈ ೨೧, ರವಿವಾರ

ನನ್ನ ಆ ಮಾತನ್ನು ಹಿಡಿದು ಅವರು ಒಂದು ಪ್ರಯೋಗ ಮಾಡುತ್ತಾರಂತೆ. ಕ್ಯಾಜುವಲ್ಟಿಯಲ್ಲಿ ಒಬ್ಬ ಸಹಾಯಕ. ರೋಗಿಯ ಜೊತೆ ಬಂದವರ ಬದಲು ಅವನು ಕೇಸ್ ಪೇಪರಿಗೂ ಔಷಧಿಗೂ ಓಡಬೇಕು, ಮನೆಯವರು ರೋಗಿಯ ಹತ್ತಿರವೇ ಇರಬೇಕು. ಅದರಿಂದ ಏನು ಬದಲಾಯಿತು ಎಂದು ಇವರು ಬರೆದುಕೊಳ್ಳುತ್ತಾರೆ. ರವಿವಾರಗಳಂದು ನೀವು ಬರುತ್ತೀರಾ ಕಾಕಾ ಎಂದು ವಂದನಾ ಕೇಳಿದಳು.

ನನ್ನ ಹೆಂಡತಿ ಸತ್ತಲ್ಲಿ ನಾನು ಬಿಟ್ಟಿ ಪ್ಯೂನ್ ಆಗಬೇಕು. ಫೋರ್ಟಿನ ವಕೀಲರ ಆಫೀಸಿನಲ್ಲಿ ವಾರವಿಡೀ ಪ್ಯೂನ್, ರವಿವಾರ ಇಲ್ಲಿ.

ಹೂಂ ಎಂದೆ. ಇಷ್ಟು ದಿನ ನನ್ನನ್ನು ಬಾಗಿಲಿನಾಚೆ ನಿಲ್ಲಿಸಿಯೇ ಮಾತನಾಡಿದ್ದಾರೆ. ಸಹಾಯಕನಾದರೆ ಒಳಗೆ ಹೋಗಿ ಹುಡುಕಬಹುದು.

ಆಗಸ್ಟ್ ೪, ರವಿವಾರ

ಕಿತ್ತಳೆ ಬಣ್ಣದ ಜಾಕೀಟು ಕೊಟ್ಟಿದ್ದಾರೆ. ರಸ್ತೆ ಅಗೆಯುವವರದ್ದು ಇರುತ್ತದಲ್ಲ, ಅಂಥದ್ದೇ. ಬಾಗಿಲು ಕಾಯುವ ಅಮೋಲ್ ನೋಡಿ, “ಕಾಯ್ ಕಾಕಾ, ಮೆಟ್ರೋಚೆ ಕಾಮ್ ಕಾ?” ಎಂದ. ಪಕ್ಕದಲ್ಲಿದ್ದವರು ನಕ್ಕರು.

ನೋಡಿದ ಜಾಗಗಳು: ಇಸಿಜಿ ಮಶಿನ್ನಿನ ಗಾಡಿಯ ಕೆಳಗೆ, ಗಾಜ್ ಇಡುವ ಕಪಾಟಿನ ಹಿಂದೆ, ಸಿಂಕಿನ ಹತ್ತಿರದ ಮೊಳೆಗಳು, ಸಿಸ್ಟರ್ ಟೇಬಲ್ಲಿನ ಡ್ರಾವರ್. ಡ್ರಾವರಿನಲ್ಲಿ ಒಂದು ಕನ್ನಡಕ, ಯಾರದೋ ಹಲ್ಲಿನ ಸೆಟ್ಟು, ಕೀಲಿಕೈ ಗೊಂಚಲು, ಒಂದೇ ಒಂದು ಗೆಜ್ಜೆ. ಇಂಚಾರ್ಜ್ ಸಿಸ್ಟರ್ ನೋಡಿದರು. ಡ್ರಾವರಿಗೆ ಯಾಕೆ ಕೈ ಹಾಕುತ್ತೀ, ನಿನ್ನ ಕೆಲಸ ಸಾಲಿನಲ್ಲಿ ನಿಲ್ಲುವುದು ಎಂದು ಎಲ್ಲರೆದುರು ಬೈದರು. ಹಾಗಾಗಿ ಸಾಲಿನಲ್ಲಿ ನಿಂತೆ. ಯಾರಿಗೋ ಕೇಸ್ ಪೇಪರ್ ಮಾಡಿಸಿದೆ. ಯಾರಿಗೆ ಎಂದು ನೋಡಲಿಲ್ಲ.

ಆಗಸ್ಟ್ ೧೮, ರವಿವಾರ

ಸಿಸ್ಟರುಗಳನ್ನು ಕೇಳಿದೆ. ಕಸ ಒಯ್ಯುವವರನ್ನು ಕೇಳಿದೆ. ಇಲ್ಲ.

ಆಗಸ್ಟ್ ೨೫, ರವಿವಾರ

ಕೇಳಿದೆ. ಇಲ್ಲ. ಒಬ್ಬ ಮುದುಕನ ಹಲ್ಲಿನ ಸೆಟ್ಟು ತೆಗೆದು ಸಿಸ್ಟರ್ ಡ್ರಾವರಿಗೆ ಹಾಕಹೋದರು. ನಾನು ಇಸಿದುಕೊಂಡು ಕರವಸ್ತ್ರದಲ್ಲಿ ಕಟ್ಟಿ ಅವನ ಸೊಸೆಯ ಕೈಗೆ ಕೊಟ್ಟೆ. ಕರವಸ್ತ್ರ ಹೋಯಿತು.

ಸೆಪ್ಟೆಂಬರ್ ೩, ಮಂಗಳವಾರ

ಆಫೀಸಿನಲ್ಲಿ ಫೈಲುಗಳಿಗೆ ಟ್ಯಾಗ್ ದಾರ ಹಾಕುತ್ತ ಕೂತಿದ್ದಾಗ ಕೈ ನಿಂತಿತು. ಹೋದ ದೀಪಾವಳಿಯ ಮುಂದೆ ನಾಗವ್ವನ ಲಿಂಗದ ಶಿವದಾರ ಹರಿಯಲು ಬಂದಿತ್ತು. ನನ್ನ ಚೀಲದಲ್ಲಿದ್ದ ಹಸಿರು ಫೈಲ್ ಟ್ಯಾಗ್ ಮೂರನ್ನು ಒಂದಕ್ಕೊಂದು ಗಂಟು ಹಾಕಿ ಅದನ್ನೇ ಕಟ್ಟಿಕೊಂಡಿದ್ದಳು. ತುದಿಯ ತಗಡಿನ ಮೊನೆ ಕೂಡ ಹಾಗೇ ಇತ್ತು. ಇದೇನು ಹುಡುಗಾಟ ಎಂದು ಕೇಳಿದ್ದಕ್ಕೆ, “ನಿಮ್ಮ ವಕೀಲರ ಫೈಲ್ ಉದುರೂದಿಲ್ಲಂದ್ರ ನಮ್ಮ ಲಿಂಗಪ್ಪ ಉದುರ್ತಾನೇನು?” ಎಂದಿದ್ದಳು. ನನಗೆ ನಗು ಬಂದಿತ್ತು.

ಒಂದು ಹಿಡಿ ಟ್ಯಾಗ್ ಕಿಸೆಗೆ ಹಾಕಿಕೊಂಡು ಬಂದೆ. ಜೊತೆಗೆ ಕೆಲಸ ಮಾಡುವ ಸದಾನಂದ ನೋಡಿಯೂ ನೋಡದಂತಿದ್ದ. ಅದರಿಂದ ಕನ್ನಡಕ, ಕೀಲಿಕೈ ಮುಂತಾದವನ್ನು ರೋಗಿಯ ಕೈಗೇ ಕಟ್ಟಬಹುದು.

ಸೆಪ್ಟೆಂಬರ್ ೮, ರವಿವಾರ

ನಿನ್ನೆ ಗಣಪತಿ ಕೂತಿದ್ದಾನೆ. ಹೊರಗೆ ಡೋಲು, ಒಳಗೆ ಇವರ ನರಳಾಟ.

ಮಧ್ಯಾಹ್ನ ಯಾದಗಿರಿ ಕಡೆಯ ಒಬ್ಬ ಬಿಗಾರಿ ಕೂಲಿಯನ್ನು ಕರೆತಂದರು. ಕಟ್ಟಡದ ಮೇಲಿಂದ ಬಿದ್ದಿದ್ದ. ಜೊತೆಗೆ ಹೆಂಡತಿ ಒಬ್ಬಳೇ. ಹಿಂದಿ ಬಾರದು, ಮರಾಠಿ ಬಾರದು. ಸಿಸ್ಟರ್ ಅವಳ ಕೈಗೆ ಚೀಟಿ ಕೊಟ್ಟು ಕೌಂಟರ್ ಕಡೆ ಕೈ ತೋರಿಸುತ್ತಿದ್ದರು. ನಾನು ಚೀಟಿ ಇಸಿದುಕೊಂಡು, ತಂಗೀ, ನೀ ಇಲ್ಲೇ ಕೂಡು, ಎಲ್ಲೂ ಏಳಬ್ಯಾಡ ಎಂದೆ. ಕನ್ನಡ ಕೇಳಿ ಅವಳು ನನ್ನ ಮುಖವನ್ನೇ ನೋಡಿದಳು. ಗಂಡನ ಸೊಂಟದ ಬೆಳ್ಳಿ ಉಡಿದಾರ ಕತ್ತರಿಸಿ ತೆಗೆದಿದ್ದರು. ಅದನ್ನು ಟ್ಯಾಗಿನಿಂದ ಅವನ ಮುಂಗೈಗೆ ಕಟ್ಟಿ, ಅವಳು ಕೊಟ್ಟ ಪೈಸೆ ಹಿಡಿದು ಕೇಸ್ ಪೇಪರಿಗೂ ಇಂಜೆಕ್ಷನ್ನಿಗೂ ಸಾಲಿನಲ್ಲಿ ನಿಂತೆ.

ತಿರುಗಿ ಬಂದಾಗ ಪರದೆ ಎಳೆದಿತ್ತು. ಆದರೆ ಅವಳು ಒಳಗಿದ್ದಳು. ಆಮೇಲೆ ಹೊರಗೆ ಬಂದು ಗೋಡೆಗೆ ಆತು ಕೂತಳು. ಅಳುತ್ತಿರಲಿಲ್ಲ.

“ನಾ ಇದ್ದೆನ್ರಿ ಅಣ್ಣಾ. ನನ್ನ ಕೈ ಹಿಡಕೊಂಡೇ ಹೋದ್ರು. ಮಕ್ಕಳ ಹೆಸರು ಅಂದ್ರು.”

ನನ್ನ ಕಾಲು ಮುಟ್ಟಲು ಬಂದಳು. ನಾನು ಹಿಂದೆ ಸರಿದೆ. ಬರೆಯಲು ನಾಚಿಕೆಯಾಗುತ್ತದೆ, ನನಗೆ ಅವಳ ಮೇಲೆ ಹೊಟ್ಟೆಕಿಚ್ಚಾಯಿತು. ಇವಳಿಗೆ ಸಾಲಿನಲ್ಲಿ ನಿಲ್ಲಲು ನಾನಿದ್ದೆ. ನನಗೆ ಯಾರಿದ್ದರು? ಜಾಕೀಟು ಬಿಚ್ಚಿ ಅಲ್ಲೇ ಎಸೆದು ಬರೋಣ ಅನ್ನಿಸಿತು. ಆದರೆ ಇಂಜೆಕ್ಷನ್ ಇನ್ನೂ ನನ್ನ ಕೈಯಲ್ಲಿತ್ತು. ಅದನ್ನು ವಾಪಸು ಕೊಟ್ಟು ಅವಳ ಪೈಸೆ ತಂದುಕೊಡಬೇಕಿತ್ತು.

ಸೆಪ್ಟೆಂಬರ್ ೧೫, ರವಿವಾರ

ಹೋಗಲಿಲ್ಲ. ಮಲಗಿದ್ದೆ.

ಅಕ್ಟೋಬರ್ ೧೩, ರವಿವಾರ

ನಿನ್ನೆ ದಸರಾ. ವರ್ಷ ತುಂಬಿಲ್ಲ ಎಂದು ನಾನು ಯಾರಿಗೂ ಬನ್ನಿ ಕೊಡಲಿಲ್ಲ. ಮಗಳು ಶುಭಾಂಗಿ ಠಾಣೆಯ ತನ್ನ ಮನೆಯಿಂದ ಬಂದಿದ್ದಳು, ರಾತ್ರಿ ಇದ್ದಳು. ಬೆಳಿಗ್ಗೆ ನಾನು ಹೊರಡುವುದನ್ನು ನೋಡಿ ಚಪ್ಪಲಿಯ ಮುಂದೆ ನಿಂತುಬಿಟ್ಟಳು.

“ಪಪ್ಪಾ, ಬಸ್ ಝಾಲಾ, ಸಾಕು ಈಗ. ಮಮ್ಮಿ ಅಲ್ಲಿ ಇಲ್ಲ. ನೀವು ಯಾಕ್ ಹೋಗ್ತಿರಿ?”

ಲಿಂಗ ಹುಡುಕಲು ಎಂದೆ. ಸಿಕ್ಕುವ ಹಾಗಿದ್ದರೆ ಇಷ್ಟರಲ್ಲಿ ಸಿಗುತ್ತಿತ್ತು ಎಂದು ಹಿಂದಿಯಲ್ಲಿ ಹೇಳಿದಳು. ಸಿಟ್ಟು ಬಂದಾಗ ಅವಳ ಕನ್ನಡ ಮುಗಿದುಹೋಗುತ್ತದೆ. ತಾಯಿ ಇದ್ದಾಗ ಇಷ್ಟಾದರೂ ಮಾತನಾಡುತ್ತಿದ್ದಳು, ಇನ್ನು ಯಾರ ಜೊತೆ ಆಡುತ್ತಾಳೆ. ನನ್ನ ಜೊತೆಯೇ ಆಡಬೇಕು, ಆದರೆ ನಾನು ಮನೆಯಲ್ಲಿ ಇರುವುದಿಲ್ಲ ಎಂಬುದು ಅವಳ ದೂರು. ಅದು ಸುಳ್ಳಲ್ಲ.

ಹೋದೆ. ನಮ್ಮ ಕ್ಯಾಜುವಲ್ಟಿಯಲ್ಲಿ ಇವತ್ತು ಕಾಲಿಡಲು ಜಾಗ ಇರಲಿಲ್ಲ. ಲಿಂಗದ ಬಗ್ಗೆ ಕೇಳಲು ಆಗಲಿಲ್ಲ.

ಅಕ್ಟೋಬರ್ ೨೭, ರವಿವಾರ

ಗದ್ದಲ. ಟ್ಯಾಗ್ ಮುಗಿದವು. ಅಮೋಲ್ ಈಗ ಯಾರಾದರೂ ಬಂದರೆ ತಾನೇ ನನ್ನತ್ತ ಕಳಿಸುತ್ತಾನೆ, ಮೆಟ್ರೋ ಕಾಕಾನನ್ನು ಕೇಳಿ ಎಂದು.

ನವೆಂಬರ್ ೧೦, ರವಿವಾರ

ಒಬ್ಬ ಹೊಸ ಆಯಾ ಇದ್ದಳು. ಹೊಸಬಳಲ್ಲ, ಹಳಬಳೇ. ಮೊಣಕಾಲಿನ ಆಪರೇಷನ್ ಮಾಡಿಸಿಕೊಂಡು ಊರಲ್ಲಿದ್ದು ಈಗ ಬಂದಿದ್ದಾಳೆ. ಹೆಸರು ಸುಂದ್ರಾಬಾಯಿ, ಅಕ್ಕಲಕೋಟೆ ಕಡೆಯವಳು. ನಾನು ಒಬ್ಬ ಹುಡುಗನ ಕನ್ನಡಕವನ್ನು ಆಫೀಸಿನಿಂದ ಮತ್ತೆ ತಂದ ಟ್ಯಾಗಿನಿಂದ ಕೈಗೆ ಕಟ್ಟುತ್ತಿದ್ದೆ. ಅವಳು ದೂರದಿಂದ ನೋಡುತ್ತ ನಿಂತವಳು ಹತ್ತಿರ ಬಂದು, ಈ ಹಸಿರು ದಾರ ನಾನು ಮೊದಲು ಒಮ್ಮೆ ನೋಡಿದ್ದೇನೆ ಎಂದಳು. ಅರ್ಧ ಕನ್ನಡ, ಅರ್ಧ ಮರಾಠಿ.

ಎಲ್ಲಿ ಎಂದು ಕೇಳಿದೆ. ನಿಮ್ಮ ಮಂದಿಯ ಒಬ್ಬ ಹೆಣ್ಣುಮಗಳ ಕೊರಳಲ್ಲಿ, ಹೋಳಿ ಹಬ್ಬಕ್ಕೆ ಮುಂಚೆ ಎಂದಳು. ಅವಳು ನನ್ನ ಹೆಂಡತಿ ಎಂದೆ. ಸುಂದ್ರಾಬಾಯಿ ಅಲ್ಲಿದ್ದ ಸ್ಟೂಲಿನ ಮೇಲೆ ಕೂತಳು.

“ಅಕಿ ಬಿಡವಲ್ಲಳಾಗಿದ್ಲು. ಎದಿ ಮ್ಯಾಲ ಗಟ್ಟಿ ಹಿಡದಿದ್ಲು. ಡಾಕ್ಟರ್ ಕಾಢಾ, ಕಾಢಾ, ತಗೀರಿ ಅದನ್ನ ಅಂತ ಒದರ್ತಿದ್ದ. ನನಗ ಅದು ಏನಂತ ಗೊತ್ತದಲ್ಲ, ನಮ್ಮ ಓಣ್ಯಾಗ ಎಲ್ಲಾ ನಿಮ್ಮವರೇ. ಯವ್ವಾ, ದೂರ ಇಡೂದಿಲ್ಲ, ನಿನ್ನ ಕಣ್ಣ ಮುಂದ ಇರ್ತದ ಅಂದೆ. ಖಾಟದ ಸರಳಿಗಿ ಕಟ್ಟಿದೆ. ಆಮ್ಯಾಲ ಕೈ ಬಿಟ್ಲು.”

ನನ್ನನ್ನು ಕೇಳಿದಳೇ ಎಂದೆ.

“ಎಲ್ಲಿ ಹೋಗ್ಯಾರ ಅಂದ್ಲು. ಲೈನ್‌ದಾಗ ನಿಂತಾರ, ಬರ್ತಾರ ಅಂದೆ. ಸರಳಿನ ಕಡಿ ನೋಡಕೋತ ಇದ್ಲು. ಅಷ್ಟ್ರಾಗ ಬ್ಯಾರೆ ಪೇಶಂಟ್ ಬಂತು, ನನ್ನ ಕರದ್ರು.”

ಅವಳು ತಿರುಗಿ ಬಂದಾಗ ಖಾಟ ಖಾಲಿಯಾಗಿತ್ತಂತೆ. ಸರಳು ನೋಡುವುದು ನೆನಪಾಗಲಿಲ್ಲವಂತೆ. ಬೈಯಬೇಕೆಂದು ಬಾಯಿ ತೆರೆದೆ. ಯಾವ ಖಾಟ ಎಂದಷ್ಟೇ ಕೇಳಿದೆ.

ಇಬ್ಬರೂ ಖಾಟಗಳನ್ನು ನೋಡುತ್ತ ಹೋದೆವು. ಎಲ್ಲದರ ಮೇಲೂ ಜನ. ಸರಳುಗಳಿಗೆ ಹಳೆಯ ಬ್ಯಾಂಡೇಜಿನ ತುಂಡು, ಸಲೈನ್ ಪೈಪು, ಏನೇನೋ ಕಟ್ಟಿತ್ತು. ಗೋಡೆಯ ಮೂಲೆಯ ಖಾಟದಲ್ಲಿ ಒಬ್ಬ ಕುಡುಕ ತಲೆ ಒಡೆದುಕೊಂಡು ಮಲಗಿದ್ದ. ತಲೆಯ ಕಡೆಯ ಸರಳಿನ ಮೇಲೆ, ಧೂಳು ಹಿಡಿದು ಕಪ್ಪಾಗಿ, ಒಂದು ಗಂಟು. ಉಗುರಿನಿಂದ ಕೆರೆದೆ. ಒಳಗೆ ಹಸಿರು. ತುದಿಗೆ ತಗಡಿನ ಮೊನೆ. ಉಳಿದದ್ದನ್ನು ಯಾರೋ ಕತ್ತರಿಯಿಂದ ಕತ್ತರಿಸಿಕೊಂಡು ಹೋಗಿದ್ದರು. ಲಿಂಗ ಇರಲಿಲ್ಲ.

ನಾನು ವಾರವಾರವೂ ಆ ಖಾಟದ ಪಕ್ಕದಲ್ಲಿ ನಿಂತಿದ್ದೇನೆ. ಅದರ ಮೇಲೆ ಕೈ ಇಟ್ಟಿದ್ದೇನೆ.

ಸರಳಿಗೆ ಮೂರು ಸುತ್ತು ಸುತ್ತಿ ಬಿಗಿದಿತ್ತು, ಬಿಚ್ಚಲು ಬಹಳ ಹೊತ್ತು ಹಿಡಿಯಿತು. ಕುಡುಕ ಎಚ್ಚರಾಗಿ, “ಕ್ಯಾ ಖೋಲ್ ರಹಾ ಹೈ ಚಾಚಾ, ಮೈ ಗಿರ್ ಜಾವೂಂಗಾ” ಎಂದ.

ನವೆಂಬರ್ ೧೨, ಮಂಗಳವಾರ

ದೇವಕ್ಕನ ಮನೆಗೆ ಹೋಗಿ ತೋರಿಸಿದೆ. ಅವಳು ಟ್ಯಾಗನ್ನು ಕಣ್ಣಿಗೆ ಒತ್ತಿಕೊಂಡು ಅತ್ತಳು. ಲಿಂಗ ಸಿಗದಿದ್ದರೆ ದಾರವನ್ನಾದರೂ ಮಾರ್ಚ್‌ನಲ್ಲಿ ಗದ್ದುಗೆಗೆ ಇಡೋಣ ಎಂದಳು. ತಾನೇ ಇಟ್ಟುಕೊಳ್ಳುತ್ತೇನೆ ಎಂದು ಕೇಳಿದಳು. ನಾನು ಕೊಡಲಿಲ್ಲ. ಅಂಗಿಯ ಕಿಸೆಯಲ್ಲೇ ಇರುತ್ತದೆ. ಆಫೀಸಿನಲ್ಲಿ ಆಗಾಗ ಮುಟ್ಟಿ ನೋಡಿಕೊಳ್ಳುತ್ತೇನೆ.

“ಇಷ್ಟ ದಿನಕ್ಕ ನೀವು ಒಂದು ಕೆಲಸ ಮಾಡಿದ್ರಿ ಮಾಮಾ” ಎಂದಳು. ಅದು ಹೊಗಳಿಕೆ.

ಡಿಸೆಂಬರ್ ೮, ರವಿವಾರ

ಸಂಶೋಧನೆ ಮುಗಿಯಿತು. ಮೇಲಿನ ಹಾಲಿನಲ್ಲಿ ಪರದೆಯ ಮೇಲೆ ಫಲಿತಾಂಶ ತೋರಿಸಿದರು. ಗೆರೆಗಳು ಮೇಲೆ ಹೋದವು, ಕೆಳಗೆ ಬಂದವು. ನಾವು ಓಡಾಡಿದ್ದರಿಂದ ಮನೆಯವರ ಸಮಾಧಾನ ಹೆಚ್ಚಿದೆಯಂತೆ, ಆದರೆ ಇನ್ನೂ ದೊಡ್ಡ ಸಂಶೋಧನೆ ಆಗದೆ ಏನೂ ಹೇಳಲಾಗದಂತೆ. ಸಹಾಯಕರನ್ನು ಇಡಲು ಆಸ್ಪತ್ರೆಯಲ್ಲಿ ಜಾಗ ಮಂಜೂರಾಗಿಲ್ಲ. ಟ್ಯಾಗುಗಳಿಂದ ಸೋಂಕು ಹರಡಬಹುದು, ಅವು ಬೇಡ. ಪ್ರೊಫೆಸರು ಸಂಶೋಧನೆಯನ್ನು ಹೇಳಿಕೊಳ್ಳಲು ಹೊರದೇಶಕ್ಕೆ ಹೋಗುತ್ತಿದ್ದಾರೆ. ನಮಗೆಲ್ಲ ಒಂದೊಂದು ಗುಲಾಬಿ ಕೊಟ್ಟರು, ಜಾಕೀಟು ವಾಪಸು ತೆಗೆದುಕೊಂಡರು.

ಕೆಳಗೆ ಬಂದರೆ ಕ್ಯಾಜುವಲ್ಟಿಯ ಬಾಗಿಲ ಮೇಲೆ ಹೊಸ ಬೋರ್ಡು: ರೋಗಿಗಳ ವಸ್ತುಗಳಿಗೆ ಆಸ್ಪತ್ರೆ ಹೊಣೆಯಲ್ಲ. ತಾನು ಹೇಳಿದ್ದರಿಂದಲೇ ಬಂದದ್ದು ಎಂದು ವಂದನಾ ತಲೆ ತಗ್ಗಿಸಿ ಹೇಳಿದಳು. ವಸ್ತುಗಳು ಕಳೆಯುತ್ತವೆ ಎಂದು ಅವಳು ಬರೆದಿದ್ದಳು. ಅವರು ಬೋರ್ಡು ಹಾಕಿದರು.

“ಸಾರಿ ಕಾಕಾ” ಎಂದಳು. ಅವಳ ಕಣ್ಣು ಕೆಂಪಾಗಿತ್ತು. ಗುಲಾಬಿ ಅವಳಿಗೇ ಕೊಟ್ಟು ಬಂದೆ.

ಇನ್ನು ರವಿವಾರ ಮನೆಯಲ್ಲೇ ಇರುತ್ತೇನೆ. ಶುಭಾಂಗಿಗೆ ಫೋನ್ ಮಾಡಿ ಹೇಳಿದೆ.

ಡಿಸೆಂಬರ್ ೧೫, ರವಿವಾರ

ಹಾಗೇ ಸುಮ್ಮನೆ ಆ ಕಡೆ ಹೋದೆ. ಅಮೋಲ್ ಜಾಕೀಟು ಎಲ್ಲಿ ಎಂದು ಕೇಳದೆ ಬಾಗಿಲು ಬಿಟ್ಟ. ಇಂಚಾರ್ಜ್ ಸಿಸ್ಟರ್ ನೋಡಿ ಮುಖ ತಿರುಗಿಸಿಕೊಂಡರು. ಸ್ವಲ್ಪ ಹೊತ್ತಿನ ಮೇಲೆ ತಾವೇ ಒಂದು ಚೀಟಿ ಚಾಚಿದರು.

ಡಿಸೆಂಬರ್ ೨೨, ರವಿವಾರ

ಇವತ್ತು ಬೆಳಿಗ್ಗೆಯಿಂದ ಒಂದೇ ಸಮನೆ. ಬೈಕಿನಿಂದ ಬಿದ್ದವರು, ಒಂದು ಮಗುವಿಗೆ ಜ್ವರ ನೆತ್ತಿಗೇರಿದ್ದು. ಕೌಂಟರಿನಲ್ಲಿ ಕಂಪ್ಯೂಟರ್ ನಿಂತಿತ್ತು. ಸಾಲು ಮೆಟ್ಟಿಲಿನವರೆಗೆ. ಕೌಂಟರಿನವನಿಗೆ ಎರಡು ಮಾತು ಅಂದೆ, ಅವನೂ ಅಂದ.

ಮಧ್ಯಾಹ್ನ ಒಬ್ಬ ಮುದುಕಿಯನ್ನು ಕರೆತಂದರು. ಎದೆನೋವು. ಮಗ ಆಗಲೇ ಸಾಲಿನಲ್ಲಿ ನಿಂತಿದ್ದ. ಹೊಸ ಡಾಕ್ಟರ್ ಇಸಿಜಿಗೆ ಅವಸರ ಮಾಡುತ್ತಿದ್ದ. ಅವಳ ಕೊರಳಲ್ಲಿ ಕಪ್ಪು ದಾರದ ತಾವೀಜು. ಸಿಸ್ಟರ್ ತೆಗೆಯಹೋದರೆ ಎರಡೂ ಕೈಯಿಂದ ಹಿಡಿದುಕೊಂಡಳು. ಬಿಡಿಸಲು ಹೋದಾಗ ದಾರ ಹರಿದು ತಾವೀಜು ಖಾಟದ ಮೇಲೆ ಬಿತ್ತು. ಮುದುಕಿ ಸಿಕ್ಕವರ ಕೈಗೆ ಹೊಡೆಯತೊಡಗಿದಳು. ಡಾಕ್ಟರ್ ಕೂಗುತ್ತಿದ್ದ.

ನಾನು ತಾವೀಜು ತೆಗೆದುಕೊಂಡೆ. ಅಂಗಿಯ ಕಿಸೆಯಲ್ಲಿದ್ದ ಟ್ಯಾಗ್ ತೆಗೆದು ಅದಕ್ಕೆ ಪೋಣಿಸಿ, ಅವಳ ಎಡಗೈಗೆ ಕಟ್ಟಿ, ಬೆರಳು ಮಡಚಿ ಅಂಗೈಯಲ್ಲಿ ಇಟ್ಟೆ. ಟ್ಯಾಗ್ ಬೇಡ ಎಂದು ಹೇಳಿದ್ದರಲ್ಲವೇ ಎಂದು ಸಿಸ್ಟರ್ ಬೈದರು. ಅಮ್ಮಾ, ಇದು ನಿಮ್ಮ ಕೈಯಲ್ಲೇ ಇದೆ, ಎಲ್ಲೂ ಹೋಗುವುದಿಲ್ಲ ಎಂದು ನನಗೆ ಬರುವ ಹಿಂದಿಯಲ್ಲಿ ಹೇಳಿದೆ. ಮಗನ ಬದಲು ನಾನು ಸಾಲಿಗೆ ಹೋಗಿ ಅವನನ್ನು ಒಳಗೆ ಕಳಿಸಿದೆ. ಕೇಸ್ ಪೇಪರ್ ತರುವಷ್ಟರಲ್ಲಿ ಅವಳನ್ನು ಆಂಬ್ಯುಲನ್ಸಿನಲ್ಲಿ ಬೇರೆ ದೊಡ್ಡ ಆಸ್ಪತ್ರೆಗೆ ಒಯ್ದಿದ್ದರು. ಮಗನೂ ಜೊತೆಗೆ ಹೋದನಂತೆ. ಕೈ ಮುಷ್ಟಿ ಮಾಡಿಯೇ ಇದ್ದಳು ಎಂದು ಸುಂದ್ರಾಬಾಯಿ ಹೇಳಿದಳು.

ಮನೆಯ ಹತ್ತಿರ ವಡಾಲದಲ್ಲಿ ಬಸ್ ಇಳಿದು ಚಹಾ ಕುಡಿದೆ. ಚಿಲ್ಲರೆಗೆ ಕಿಸೆಗೆ ಕೈ ಹಾಕಿದಾಗ ಗೊತ್ತಾಯಿತು, ನಾಗವ್ವನ ಟ್ಯಾಗ್ ಇರಲಿಲ್ಲ.

ದೇವಕ್ಕನಿಗೆ ಏನು ಹೇಳುವುದೋ ತಿಳಿಯದು. ಮಾರ್ಚ್ ಇನ್ನೂ ದೂರ ಇದೆ. ಕಾಲು ಬಹಳ ನೋಯುತ್ತಿದೆ. ನಾಳೆ ಆಫೀಸಿನಿಂದ ಟ್ಯಾಗ್ ತರಬೇಕು, ಮರೆಯಬಾರದು.